ಒಂದು ಹನಿಯೂ ಸೋರದ ಜೀಪು

ಮಧ್ಯಾಹ್ನ ಎರಡರೊಳಗೆ ಎರಡು ಚೀಲ ರಕ್ತ ಬೆಟ್ಟದ ಆಚೆ ತಲುಪಬೇಕಿತ್ತು. ಅಲ್ಲಿನ ಗಣಿ ಕಾಲೊನಿಯ ಸಣ್ಣ ಆಸ್ಪತ್ರೆಯಲ್ಲಿ ಪುಟ್ಟಿಯ ಅಕ್ಕ ದಿನ ತುಂಬಲು ಎರಡು ವಾರ ಇರುವಾಗಲೇ ಹೆತ್ತುಬಿಟ್ಟಿದ್ದಳು. ಮಗು ಗುಂಡುಕಲ್ಲಿನಂತಿತ್ತು. ತಾಯಿಯ ಮೈಯಲ್ಲಿ ಮಾತ್ರ ರಕ್ತ ಸಾಕಷ್ಟು ಉಳಿದಿರಲಿಲ್ಲ, ಅವಳ ಗುಂಪಿನ ರಕ್ತ ಅಲ್ಲಿರಲಿಲ್ಲ. "ಎರಡರವರೆಗೆ ಹೇಗೋ ನೋಡ್ಕೋತೀನಿ, ಆಮೇಲೆ ನನ್ನ ಕೈಲಿಲ್ಲ," ಎಂದು ಅಲ್ಲಿನ ಡಾಕ್ಟರು ಫೋನಿನಲ್ಲಿ ಹೇಳಿದ್ದರು. ದಟ್ಟ ಮಂಜಿನಲ್ಲಿ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಇದ್ದದ್ದು ಹಿಮ ಬಿದ್ದ ಘಾಟಿ ರಸ್ತೆ, ಮತ್ತು ಭಾವನ ಹಳೇ ಜೀಪು.

ಹೊರಟವರು ಮೂವರು. ಸ್ಟೀರಿಂಗ್ ಹಿಡಿದವನು ಅಕ್ಕನ ಗಂಡ, ಭಾವ. ಪಕ್ಕದಲ್ಲಿ ಗಂಬೂಟು ತೊಟ್ಟ, ಹಿಮದಲ್ಲಿ ಜಾರದಿರಲೆಂದು ಊರುಗೋಲು ಹಿಡಿದ ನರ್ಸಮ್ಮ, ಅವರ ಕಾಲ ಬಳಿ ರಕ್ತದ ಐಸ್ ಪೆಟ್ಟಿಗೆ. ಹಿಂದೆ ಸ್ಪ್ಯಾನರ್ ಚೀಲದೊಂದಿಗೆ ಪುಟ್ಟಿ. ಹತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದರೂ ಮನೆಯವರಿಗೆ ಅವಳಿನ್ನೂ ಪುಟ್ಟಿಯೇ.

ಅವಳ ಕಣ್ಣೆಲ್ಲ ಎಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲಿತ್ತು. ಭಾವ ಮೂರು ದಿನದ ಹಿಂದೆ ಬೆಟ್ಟ ಇಳಿದು ಬಂದದ್ದೇ ಈ ಗಾಡಿಯ ಕಾಯಿಲೆ ತೋರಿಸಲು. ಎಂಜಿನ್ ತಣಿಸಲು ತುಂಬಿಸಿದ ಕೂಲಂಟ್ ನೀರು ಎಲ್ಲೋ ಮಾಯವಾಗುತ್ತಿತ್ತು. ಪುಟ್ಟಿ ಎಂಜಿನ್ ಕೆಳಗೆ ಹಳೇ ಪೇಪರ್ ಹಾಸಿ ಎರಡು ದಿನ ಕಾದಿದ್ದಳು. ಒಂದು ಹನಿಯೂ ಬಿದ್ದಿರಲಿಲ್ಲ. "ಕುಡೀತಿರೋದು ನೀನೇ ಇರಬೇಕು ಭಾವ," ಎಂದು ನಕ್ಕು ಬಾನೆಟ್ ಮುಚ್ಚಿದ್ದಳು. ಈಗ ನಗು ಬರುತ್ತಿರಲಿಲ್ಲ.

ಮೊದಲ ಹತ್ತು ಮೈಲಿ ಪೈನ್ ಕಾಡು. ಆಮೇಲೆ ಮರಗಳು ಗಿಡ್ಡವಾದವು, ಹುಲ್ಲು ಬಂತು, ಹುಲ್ಲೂ ಮುಗಿದು ಬರೀ ಬಂಡೆಗಳು ಉಳಿದವು. ಎಡಕ್ಕೆ ಕೆಳಗೆಲ್ಲೋ ನದಿಯ ಸದ್ದು ಕೇಳುತ್ತಿತ್ತು, ನದಿ ಕಾಣುತ್ತಿರಲಿಲ್ಲ. ಚಳಿ ಕಚ್ಚತೊಡಗಿದಾಗ ಭಾವ ಹೀಟರ್ ಹಾಕಿದ.

ಅರ್ಧ ಗಂಟೆಯಲ್ಲಿ ಮುಳ್ಳು ಕೆಂಪಿಗೆ ನೆಗೆಯಿತು.

"ನಿಲ್ಸು! ಈಗಲೇ ನಿಲ್ಸು!"

ಪುಟ್ಟಿ ಜಿಗಿದಳು. ಎಂಜಿನ್ ತಣಿಯುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟುವಂತಿಲ್ಲ, ಮುಖ ಬೆಂದುಹೋಗುತ್ತದೆ. ಹನ್ನೆರಡೂವರೆ. ಕಾಯುತ್ತಲೇ ಜೀಪಿನಡಿ ನುಸುಳಿದಳು. ಒಣ. ರೇಡಿಯೇಟರ್ ಒಣ, ಪಂಪ್ ಒಣ, ಪೈಪುಗಳೆಲ್ಲ ಒಣ. ಆಯಿಲ್ ಕಡ್ಡಿ ಎಳೆದಳು. ಆಯಿಲಿಗೆ ನೀರು ಸೇರಿದ್ದರೆ ಹಾಲಿನಂತಾಗಬೇಕಿತ್ತು, ಆಗಿರಲಿಲ್ಲ. ನೀರು ಎಂಜಿನ್ನಿನಲ್ಲಿ ಉರಿದುಹೋಗುತ್ತಿದ್ದರೆ ದಾರಿಯಲ್ಲಿ ಬಿಳಿ ಹೊಗೆ ಕಾಣಬೇಕಿತ್ತು, ಅದೂ ಕಂಡಿರಲಿಲ್ಲ.

"ಏನಂತೆ?" ಭಾವ ಬಗ್ಗಿ ಕೇಳಿದ.

"ಗೊತ್ತಾಗ್ತಿಲ್ಲ ಭಾವ. ನನ್ನ ತಲೆ! ಅವತ್ತೇ ಸರಿಯಾಗಿ ನೋಡಬೇಕಿತ್ತು ನಾನು!"

ಅಷ್ಟರಲ್ಲಿ ನರ್ಸಮ್ಮ ಕೂಗಿದರು: "ಐಸ್ ಬೇರೆ ಕರಗ್ತಿದೆ ಕಣ್ರೀ! ಕಾಲಡಿ ಮ್ಯಾಟೆಲ್ಲ ಒದ್ದೆ!"

ಪುಟ್ಟಿ ಓಡಿಬಂದು ಪೆಟ್ಟಿಗೆಯ ತಳ ತಡವಿದಳು. ಒಣಗಿತ್ತು. ಮ್ಯಾಟಿನ ಮೇಲೆ ಅಂಗೈ ಊರಿದಳು, ಊರಿ ಹಾಗೇ ಕೂತಳು.

"ನರ್ಸಮ್ಮ, ಐಸ್ ಕರಗಿದ ನೀರು ಬಿಸಿ ಇರತ್ತಾ?"

"ಹುಚ್ಚು ಹಿಡೀತಾ ನಿಂಗೆ?"

"ಮುಟ್ಟಿ ನೋಡಿ!"

ಮ್ಯಾಟು ಬೆಚ್ಚಗಿತ್ತು. ಬೆರಳಿಗೆ ಜಿಡ್ಡು, ಮೂಗಿಗೆ ಸಿಹಿ ವಾಸನೆ. ಗಂಬೂಟಿನ ಕಾಲಿಗೆ ಆ ಬಿಸಿ ತಿಳಿಯುವುದೆಂತು?

"ಸಿಕ್ತು! ಸಿಕ್ತು ಭಾವ!" ಪುಟ್ಟಿ ಕುಣಿದೇಬಿಟ್ಟಳು. "ಹೊರಗೆ ಸೋರ್ತಾನೇ ಇಲ್ಲ, ಒಳಗೆ ಸೋರ್ತಿದೆ! ಹೀಟರ್ ತೂತಾಗಿದೆ!"

ಎಂಜಿನ್ನಿನ ಬಿಸಿ ಕೂಲಂಟೇ ಡ್ಯಾಶ್‌ಬೋರ್ಡಿನ ಹಿಂದೆ ಹರಿದು ಹೀಟರಿಗೆ ಶಾಖ ಕೊಡುವುದು. ಅಲ್ಲಿ ಸೋರಿದ್ದು ಮ್ಯಾಟಿಗೆ ಇಳಿಯುತ್ತಿತ್ತು. ಪುಟ್ಟಿ ಪರೀಕ್ಷೆ ಮಾಡಿದ್ದು ಗ್ಯಾರೇಜಿನ ಸೆಕೆಯಲ್ಲಿ. ಆ ಸೆಕೆಯಲ್ಲಿ ಹೀಟರ್ ಹಾಕುವ ಬುದ್ಧಿ ಯಾರಿಗೆ ಬರುತ್ತದೆ?

"ಹಾಗಾದ್ರೆ ಆಫ್ ಮಾಡಿದ್ರೆ ಆಯ್ತಲ್ಲ?" ಎಂದರು ನರ್ಸಮ್ಮ.

ಹೀಟರಿನ ಗುಂಡಿ ತಿರುಗಿತು. ಕೂಲಂಟ್ ಬಿಡಲು ತೆರೆದಿದ್ದ ತುಕ್ಕು ತಿಂದ ವಾಲ್ವು ಮಾತ್ರ ಮತ್ತೆ ಮುಚ್ಚಲು ಜಪ್ಪಯ್ಯ ಅನ್ನಲಿಲ್ಲ.

ಇನ್ನು ಒಂದೇ ದಾರಿ. ಹೀಟರಿಗೆ ಹೋಗುವ ಪೈಪು, ಅಲ್ಲಿಂದ ಬರುವ ಪೈಪು, ಎರಡನ್ನೂ ಕಿತ್ತು ಒಂದಕ್ಕೊಂದು ಸೇರಿಸಬೇಕು. ಆಗ ಕೂಲಂಟ್ ಹೀಟರಿನ ಗೊಡವೆಗೇ ಹೋಗದೆ ಎಂಜಿನ್ನಿಗೆ ಮರಳುತ್ತದೆ. ಸೇರಿಸಲು ನಡುವೆ ಒಂದು ಗೇಣು ಕೊಳವೆ ಬೇಕಿತ್ತು.

ಪುಟ್ಟಿಯ ಕಣ್ಣು ನರ್ಸಮ್ಮನ ಅಲ್ಯುಮಿನಿಯಂ ಊರುಗೋಲಿನ ಮೇಲೆ ಬಿತ್ತು.

"ಅಯ್ಯೋ, ಹೋದ ತಿಂಗಳು ತಗೊಂಡಿದ್ದು!" ಎನ್ನುತ್ತಲೇ ನರ್ಸಮ್ಮ ಅದನ್ನು ಚಾಚಿದರು. "ಕೊಯ್ಯಿ, ಕೊಯ್ಯಿ."

ಗರಗಸ ಕಿರುಗುಟ್ಟಿತು. ಚಳಿಗೆ ಬೆರಳು ಸೆಟೆದವು. ಪೈಪು ಕಿತ್ತಾಗ ಬಿಸಿನೀರು ಚಿಮ್ಮಿ ಮಣಿಕಟ್ಟು ಸುಟ್ಟಿತು, ಅವಳು ಕೈ ಬಿಡಲಿಲ್ಲ. ಕೊಳವೆ ತುರುಕಿ ಎರಡೂ ಕಡೆ ಕ್ಲಿಪ್ಪು ಬಿಗಿದಳು. ಭಾವ ರಸ್ತೆ ಬದಿಯ ತೊರೆಯಿಂದ ಕ್ಯಾನಿನಲ್ಲಿ ನೀರು ತಂದು ಸುರಿದ. ಒಂದೂಕಾಲು.

ಎಂಜಿನ್ ಗುರ್ರೆಂದಿತು. ಮುಳ್ಳು ಏರಿತು, ನಡುವಿಗೆ ಬಂತು, ನಿಂತಿತು.

"ಹೊಡಿ ಭಾವ!"

ಆದರೆ ಘಾಟಿಯ ನೆತ್ತಿಯಲ್ಲಿ ಹೀಟರಿಲ್ಲದೆ ಮುಂಗಾಜಿಗೆ ಹಿಮ ಹೆಪ್ಪುಗಟ್ಟಿತು.

"ಏನೂ ಕಾಣ್ತಿಲ್ಲ ಪುಟ್ಟಿ!"

ಪುಟ್ಟಿ ಕಿಟಕಿ ಇಳಿಸಿ ಸೊಂಟದವರೆಗೆ ಹೊರಗೆ ಬಾಗಿದಳು. ನರ್ಸಮ್ಮ ಹಿಂದೆ ತಿರುಗಿ ಅವಳ ಬೆಲ್ಟು ಗಟ್ಟಿಯಾಗಿ ಹಿಡಿದರು. "ಬಲಕ್ಕೆ! ಇನ್ನೂ ಬಲಕ್ಕೆ! ನಿಧಾನ, ಎಡಕ್ಕೆ ಪ್ರಪಾತ!" ಗಾಳಿ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಚಕ್ರ ಜಾರಿತು, ಕಲ್ಲುಗಳು ಉರುಳಿ ಕೆಳಗೆ ಬಿದ್ದ ಸದ್ದೂ ಕೇಳಲಿಲ್ಲ. ಭಾವ ಹಲ್ಲು ಕಚ್ಚಿ ಗಾಡಿಯನ್ನು ದಾರಿಗೆ ಎಳೆದ. ಕೊನೆಗೆ ಇಳಿಜಾರು ಬಂತು, ಮಂಜು ಹರಿಯಿತು, ಗಣಿಯ ತಗಡಿನ ಸೂರುಗಳು ಕಂಡವು.

ಎರಡಕ್ಕೆ ಏಳು ನಿಮಿಷವಿತ್ತು. ನರ್ಸಮ್ಮ ಪೆಟ್ಟಿಗೆ ಎದೆಗವುಚಿಕೊಂಡು ಓಡಿದರು.

ಹೊರಗಿನ ಬೆಂಚಿನಲ್ಲಿ ಭಾವ, ನಾದಿನಿ ಪಕ್ಕಪಕ್ಕ ಕೂತರು. ತನ್ನಿಂದಲೇ ತಡವಾಯಿತು ಎಂಬ ಸಂಕಟ ಪುಟ್ಟಿಯನ್ನು ಒಳಗೇ ಹಿಂಡುತ್ತಿತ್ತು. ಎರಡನೆಯ ಚೀಲವೂ ಅರ್ಧವಾದ ಮೇಲೆ ಡಾಕ್ಟರು ಬಾಗಿಲು ತೆರೆದು, ಒಳಗೆ ಬನ್ನಿ ಎಂದು ಕೈ ಮಾಡಿದರು.

ಅಕ್ಕ ದಿಂಬಿಗೆ ಅಂಟಿಕೊಂಡು ಮಲಗಿದ್ದಳು. ತುಟಿಗೆ ಬಣ್ಣ ಬಂದಿತ್ತು. ಕಣ್ಣು ಬಿಟ್ಟು ಇಬ್ಬರನ್ನೂ ದಿಟ್ಟಿಸಿದಳು.

"ಇಷ್ಟು ಹೊತ್ತಾ ಬರೋಕೆ?"

"ನಿನ್ ಗಂಡನ ಗಾಡಿ ಕಣೇ!"

"ನಿನ್ ತಂಗಿ ರಿಪೇರಿ ಕಣೇ!"

"ಸಾಕು, ಮಗು ಮಲಗಿದೆ. ಪುಟ್ಟಿ, ಸ್ವೆಟರ್ ಎಲ್ಲೇ ನಿಂದು? ತುಟಿಯೆಲ್ಲ ನೀಲಿ ಆಗಿದೆ. ಬುದ್ಧಿ ಅನ್ನೋದು ಯಾವಾಗ ಬರತ್ತೆ ನಿಂಗೆ..."

ಕ್ಷೀಣ ದನಿಯಲ್ಲಿ ಅಕ್ಕ ಬೈಯುತ್ತಲೇ ಇದ್ದಳು. ಪುಟ್ಟಿ ಮಂಚದ ಅಂಚಿಗೆ ಕೂತು, ಮೂಗು ಒರೆಸಿಕೊಳ್ಳುತ್ತ, ಒಂದು ಮಾತೂ ಬಿಡದೆ ಕೇಳಿಸಿಕೊಂಡಳು.