ಹಡಗಿನ ಎಡ, ಹಡಗಿನ ಬಲ

ರಾಣೆಬೆನ್ನೂರಿನ ಪೇಟೆಯಲ್ಲಿ ಹಗ್ಗದಂಗಡಿ ಇಟ್ಟ ತರುಣ ಶಂಭುಲಿಂಗ ಗಿರಾಕಿಯನ್ನು ಬರಿಗೈಲಿ ಕಳಿಸಿದವನಲ್ಲ. ಆ ದಿನ ಮಾತ್ರ, ಅಂಗಡಿ ತುಂಬ ಹಗ್ಗವಿದ್ದರೂ, "ಹಗ್ಗ ಇಲ್ರಿ" ಎಂದುಬಿಟ್ಟ.

ಹುಡುಗಿ ಕೇಳಿದ್ದು ಮೂರೇ ಮೀಟರು. "ಆಕಳಿಗೇನ್ರಿ, ಎತ್ತಿಗೆ?" ಎಂದರೆ "ನನಗ್ರಿ" ಅಂದಿದ್ದಳು. ಕಣ್ಣು ಅತ್ತು ಕೆಂಪಾಗಿದ್ದವು.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಚಹಾ ತರಿಸಿದ. "ಏನರ ತ್ರಾಸ ಐತೇನ್ರಿ?"

"ಪರೀಕ್ಷಾ ಫೇಲಾಗೇನ್ರಿ."

"ಪರೀಕ್ಷಾ ಮತ್ತ ಬರತೈತಿ. ಹೋದ ಜೀವ ಬರಂಗಿಲ್ರಿ!"

ಅವಳು ಅವನ ಮುಖ ನೋಡಿದಳು, ಹಗ್ಗದ ಸುರುಳಿ ನೋಡಿದಳು. ಆಮೇಲೆ ಚಹಾ ನೆತ್ತಿಗೇರುವಷ್ಟು ನಕ್ಕಳು. "ಅಯ್ಯ, ಗಂಟು ಹಾಕೂದು ಕಲ್ಯಾಕ್ರಿ! ನಾ ಹಡಗಿನ ಆಫೀಸರ್ ಆಗಾಕ ಓದಾಕತ್ತೇನಿ."

ಗುತ್ತಲದ ಸುರೇಖಾ. ಚೆನ್ನೈಯಲ್ಲಿ ಕೋರ್ಸು; ಫೇಲಾಗಿ ಊರಿಗೆ ಬಂದಿದ್ದಳು. ಹದಿನೈದು ದಿನಕ್ಕೆ ಮತ್ತೊಮ್ಮೆ ಮೌಖಿಕ ಪರೀಕ್ಷೆ. ಈ ಸಲವೂ ಹೋದರೆ ಹಡಗಿನ ಹುಚ್ಚು ಬಿಡು ಎಂದು ಮನೆಯಲ್ಲಿ ಹೇಳಿಯಾಗಿತ್ತು.

"ಎಳೆದ್ರ ಬಿಗೀಬಾರದು, ತಾನ ಬಿಚ್ಚಲೂಬಾರದು, ಅಂಥ ಗಂಟು. ಬೌಲೈನ್ ಅಂತಾರ್ರಿ."

ಎತ್ತಿನ ಕೊರಳಿಗೆ ಹಾಕುವ ಗಂಟನ್ನು ಶಂಭುಲಿಂಗ ಒಂದೇ ಉಸಿರಿಗೆ ಹಾಕಿ ತೋರಿಸಿದ. "ಇದೇನ್ರಿ? ನಮ್ಮಪ್ಪ ಸಮುದ್ರ ನೋಡದನ ಹಾಕತಿದ್ದ."

ಅಂದಿನಿಂದ ದಿನಾ ಬಂದಳು. ಪುಸ್ತಕ ಅವನ ಕೈಯಲ್ಲಿ, ಉತ್ತರ ಅವಳ ಬಾಯಲ್ಲಿ.

"ಡ್ರಾಫ್ಟ್ ಅಂದ್ರ?"

"ಹಡಗು ನೀರಾಗ ಎಷ್ಟು ಮುಳುಗೇತಿ ಅನ್ನೂದು. ಯಾಕ್ರಿ, ನಿಮ್ಮ ಮುಖ ಕೆಂಪಾತು?"

"ಬಿಸಿಲ್ರಿ."

"ನೆರಳಾಗ ಕುಂತೀರಿ!"

ಅವಳು ಫೇಲಾದದ್ದು ಒಂದು ಸಣ್ಣ ಪ್ರಶ್ನೆಗೆ. ಪರೀಕ್ಷಕ ಆಟಿಕೆ ಹಡಗಿನ ಮೂತಿಯನ್ನು ಅವಳತ್ತ ತಿರುಗಿಸಿ, ಸ್ಟಾರ್‌ಬೋರ್ಡ್, ಅಂದರೆ ಹಡಗಿನ ಬಲಬದಿ, ಎಲ್ಲಿ ಎಂದಿದ್ದ. ಗಾಬರಿಯಲ್ಲಿ ಅವಳು ತನ್ನ ಬಲಗೈ ಕಡೆ ತೋರಿಸಿದ್ದಳು.

ಶಂಭುಲಿಂಗ ಅವಳನ್ನು ಹೊರಗೆ ಕರೆದೊಯ್ದು, ಗೆಳೆಯ ಫಕ್ಕೀರೇಶನ ಚಕ್ಕಡಿಯ ಎತ್ತುಗಳ ಎದುರು ನಿಲ್ಲಿಸಿದ. "ಎಡಗೋಲಿನ ಎತ್ತು ಯಾವುದ್ರಿ?"

ರೈತನ ಮಗಳು ತಡವರಿಸದೆ ತನ್ನ ಬಲಕ್ಕಿದ್ದ ಎತ್ತು ತೋರಿಸಿದಳು.

"ನಿಮ್ಮ ಕೈ ಯಾಕ ನೋಡಲಿಲ್ಲ?"

"ಎತ್ತಿನ ಎಡ ಎತ್ತಿಂದ..." ಮಾತು ಅರ್ಧಕ್ಕೆ ನಿಂತಿತು. "ಹಡಗಿಂದೂ ಅಷ್ಟ!"

ಪಾಸಾದರೆ ಅವಳು ದೂರ ಹೋಗುತ್ತಾಳೆ. ಅದು ಗೊತ್ತಿದ್ದೂ ಅವನು ಒಂದು ಪ್ರಶ್ನೆಯನ್ನೂ ಸಡಿಲ ಬಿಡಲಿಲ್ಲ.

ಪಾಸಾದಳು. ಮೊದಲ ಹಡಗೂ ಸಿಕ್ಕಿತು, ಒಂಬತ್ತು ತಿಂಗಳಿಗೆ. ಹೊರಡುವ ದಿನ ಬಿಳಿ ಯೂನಿಫಾರ್ಮಿನಲ್ಲಿ ಅಂಗಡಿಗೆ ಬಂದಾಗ ಸಾಲಂಗಡಿಯವರೆಲ್ಲ ಕತ್ತು ಹೊರಳಿಸಿದರು.

"ಯಾರಲೇ ಶಂಭು, ಪೊಲೀಸರೇನು?" ಎಂದ ಫಕ್ಕೀರೇಶ.

ಶಂಭುಲಿಂಗ ಎದ್ದು ನಿಂತು, ಪೇಟೆಗೆಲ್ಲ ಕೇಳುವಂತೆ ಹೇಳಿದ: "ಗುತ್ತಲದ ಸುರೇಖಾ. ದೊಡ್ಡ ಸರಕಿನ ಹಡಗಿಗೆ ಹೊಂಟಾಳ. ಒಪ್ಪಿದ್ರ ನಮ್ಮ ಮನಿ ಸೊಸಿ. ಒಪ್ಪದಿದ್ರೂ ನಮ್ಮ ಹೆಮ್ಮಿ!"

ಅವಳ ಕಣ್ಣು ತುಂಬಿದವು. 'ರೀ' ಬಿಟ್ಟು ಮೊದಲ ಸಲ ಮಾತಾಡಿದಳು. "ಒಪ್ಪದಿದ್ರ ಅಂತ ಯಾಕಂತಿ? ನಮ್ಮಪ್ಪನ್ನ ಕೇಳು. ಒಂಬತ್ತು ತಿಂಗಳ ಟೈಮ್ ಐತಿ."

ಅವಳ ಬಸ್ಸು ಹೊರಳುವವರೆಗೆ ಅವನು ನಿಂತು ನೋಡಿದ. ಆಮೇಲೆ ನಡುಮಧ್ಯಾಹ್ನದಲ್ಲೇ ಅಂಗಡಿಯ ಬಾಗಿಲೆಳೆದು, ಗುತ್ತಲದ ಬಸ್ಸು ಹತ್ತಿದ.