ಬಾಗಿಲಲ್ಲೇ ನಿಂತ ಬಡಗಿ

"ಅಲ್ಲೇ ನಿಲ್ಲಿ! ಒಂದು ಹೆಜ್ಜೆ ಒಳಗಿಟ್ಟರೂ ಕಿರುಚ್ತೀನಿ!"

ಅಡುಗೆಮನೆಯ ಕಪಾಟು ರಿಪೇರಿಗೆ ಬಂದಿದ್ದ ಬಡಗಿ ಹೌಹಾರಿ ಹೊಸ್ತಿಲಲ್ಲೇ ನಿಂತ. ಅವನ ಮೈತುಂಬ ಮರದ ಪುಡಿ.

"ಈಗಾಗ್ಲೇ ಕಿರುಚ್ತಾ ಇದ್ದೀರಲ್ಲ..."

ಮಾಸ್ಕಿನ ಹಿಂದೆ ಅವಳಿಗೆ ನಗು ಬಂತು. ಅಕ್ಕ ಕೊಟ್ಟ ಕಿಡ್ನಿಯಿಂದ ಬದುಕುತ್ತಿದ್ದವಳು ಅವಳು. ಅದನ್ನು ಉಳಿಸಿಕೊಳ್ಳಲು ನುಂಗುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸಿದ್ದವು. ಹಾಗಾಗಿ ಧೂಳೆಂದರೆ ಭಯ.

ಅಂದಿನಿಂದ ಅವನು ಮರವನ್ನು ಬೀದಿಯಲ್ಲೇ ಕೊಯ್ದ. ಒಳಗೆ ಏನು ಕಳಚುವುದಿದ್ದರೂ ಮೊದಲು ಒದ್ದೆ ಬಟ್ಟೆ ಹೊದಿಸುತ್ತಿದ್ದ. ಕಪಾಟು ಮುಗಿದರೂ ಕೆಲಸ ಮುಗಿಯಲಿಲ್ಲ. ಗಟ್ಟಿಮುಟ್ಟಾಗಿದ್ದ ಕುರ್ಚಿಗಳಲ್ಲೂ ಏನಾದರೊಂದು ದೋಷ ಹುಡುಕಿದ. ಅಕ್ಕ ಕಂಡೂ ಕಾಣದಂತಿದ್ದಳು. 'ನೀವು' ಹೋಗಿ 'ನೀನು' ಬಂತು.

ಆಮೇಲೆ ಅವಳಿಗೆ ಜ್ವರ ಬಂತು. ಕೆಮ್ಮಿದರೆ ರಕ್ತ... ಆಸ್ಪತ್ರೆಗೆ ಸೇರಿಸಿದರು.

"ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿದೆ. ಅಪರೂಪದ ಸೋಂಕು. ಆದ್ರೆ ಒಬ್ಬರಿಂದ ಒಬ್ಬರಿಗೆ ಅಂಟಲ್ಲ," ಅಂದರು ಡಾಕ್ಟರಮ್ಮ.

ಬಡಗಿ ಒಮ್ಮೆಯೂ ನೋಡಲು ಬರಲಿಲ್ಲ.

'ಬೂಷ್ಟು ಬಂದ ಬ್ರೆಡ್ ಎಸೀತಾರೆ. ನನ್ನನ್ನೂ ಎಸೆದುಬಿಟ್ಟನಾ?'

ಅವಳು ಗೋಡೆ ಕಡೆ ತಿರುಗಿ ಅತ್ತಳು. ಡ್ರಿಪ್ಪಿನಲ್ಲಿ ಔಷಧ ಇಳಿಯುತ್ತಲೇ ಇತ್ತು. ಎಷ್ಟೋ ವಾರಗಳ ಮೇಲೆ ಜ್ವರ ಬಿಟ್ಟಿತು. ಅವಳ ಅಳು ಮಾತ್ರ ನಿಲ್ಲಲಿಲ್ಲ.

ಅಕ್ಕನಿಗೆ ತಡೆಯಲಾಗಲಿಲ್ಲ. "ದಿನಾ ಆಸ್ಪತ್ರೆ ಗೇಟ್ ಹತ್ರ ನಿಂತಿರ್ತಾನೆ ಕಣೇ! 'ಊಟ ಮಾಡಿದ್ಲಾ' ಅಂತ ಕೇಳ್ತಾನೆ. ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದ. ಆಣೆ ಮನೆ ಹಾಳಾಗ್ಲಿ!"

"ಕರಿ ಅವನನ್ನ."

ಅವನು ಬಂದು ವಾರ್ಡಿನ ಬಾಗಿಲಲ್ಲಿ ನಿಂತ. ಸೊರಗಿ ಹೋಗಿದ್ದ.

"ಅವತ್ತು ಸಿಂಕಿನ ಕೆಳಗಿನ ಕೊಳೆತ ಹಲಗೆ ಕಿತ್ತೆ. ನೀನು ಟೀಗೆ ಕರೆದಿದ್ದೆ... ಬೇಗ ಬರೋ ಆಸೆಗೆ ಒದ್ದೆ ಬಟ್ಟೆ ಹಾಕಲಿಲ್ಲ. ಹಲಗೆ ತುಂಬ ಬೂಷ್ಟು! ನಾನೇ ನಿನ್ನನ್ನ... ಯಾವ ಮುಖ ಹೊತ್ತು ನೋಡೋಕೆ ಬರಲಿ?"

ಅವಳು ದಿಂಬಿಗೆ ಒರಗಿ ಎದ್ದು ಕೂತಳು.

"ಅದು ಗಾಳೀಲಿ ಎಲ್ಲಾ ಕಡೆ ಇರುತ್ತಂತೆ. ಎಲ್ಲಿಂದ ಬಂತು ಅಂತ ಡಾಕ್ಟರಿಗೂ ಗೊತ್ತಿಲ್ಲ."

"ನನ್ನಿಂದಲೇ ಇರಬಹುದು."

"ಇರಬಹುದು." ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆದ್ರೆ ಅದಕ್ಕೆ ಔಷಧಿ ಸಿಕ್ತು. ನೀನು ಬರದೇ ಇದ್ದದ್ದಕ್ಕೆ ಎಲ್ಲಿ ಸಿಗುತ್ತೋ?"

"ನಿನ್ನ ಬಿಟ್ಟು ಇರೋಕೆ ನನಗೂ ಆಗ್ಲಿಲ್ಲ ಕಣೇ..."

"ಮತ್ತೆ ಬಾಗಿಲಲ್ಲೇ ಯಾಕೆ ನಿಂತಿದ್ದೀಯ?"

"ನೀನೇ ತಾನೆ ಅಲ್ಲೇ ನಿಲ್ಲಿ ಅಂದಿದ್ದು?"

ಅವಳು ಕಣ್ಣೊರೆಸಿಕೊಂಡಳು. "ಸ್ನಾನ ಮಾಡಿದ್ದೀಯಾ?"

"ಎರಡು ಸಲ."

"ಹಾಗಾದ್ರೆ ಒಳಗೆ ಬಾ."