ಕೇಬಲ್ ಮೇಲೆ ಹಾಕಿದ ತಪ್ಪು

"ಮಾವ, ಇಲ್ನೋಡು! ಓಫಾ ಮನೆಯವ್ರೂ ಹೊಸ ಕಂಪನಿಗೆ ಹೋಗ್ತಿದಾರೆ!"

ಸಿಯಾಲೆ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟಳು. ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದ ನೇಯಾಫು ಊರಿನ ನಲವತ್ತು ಮನೆಗಳಿಗೆ ಇಂಟರ್ನೆಟ್ ಕೊಡುವುದು ಅವಳ ವಿಲಿ ಮಾವ. ಯಾವ ಮನೆಯವರು ಯಾವ ವೆಬ್‌ಸೈಟ್ ತೆರೆದರು ಎಂಬ ಪಟ್ಟಿ ಅವನ ಅಂಗಡಿಯ ಪರದೆಯಲ್ಲಿ ಓಡುತ್ತಲೇ ಇರುತ್ತದೆ. ಊರವರ ಪಟ್ಟಿ ಓದಬೇಡ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಸಿಯಾಲೆ ಕಿವಿಗೆ ಹಾಕಿಕೊಂಡಿದ್ದರೆ ತಾನೆ!

ಗೆಳತಿ ಓಫಾಳ ಮನೆಯ ಸಾಲಿನಲ್ಲಿ ಹೊಸ ಕಂಪನಿಯ ಹೆಸರು ನಾಲ್ಕು ಸಲ ಇತ್ತು. ಆ ಕಂಪನಿ ಗುಡ್ಡದ ಮೇಲೆ ಟವರ್ ನಿಲ್ಲಿಸಿದ ಮೇಲೆ ಹನ್ನೊಂದು ಮನೆಗಳು ಮಾವನನ್ನು ಬಿಟ್ಟು ಹೋಗಿದ್ದವು.

ಮಾವನ ಮುಖ ಸಣ್ಣಗಾಯಿತು. "ಓಫಾಳ ಅಜ್ಜಿಯೂನಾ? ಹೋಗೋರಿಗೆ ಸ್ಪೀಡ್ ಯಾಕೆ?" ಎಂದು ಆ ಮನೆಯ ನೆಟ್ ನಿಧಾನ ಮಾಡಿಬಿಟ್ಟ. ಮಾವನಿಗೆ ಸಹಾಯ ಮಾಡಿದೆನೆಂದು ಸಿಯಾಲೆ ಬೀಗಿದಳು.

ಸೋಮವಾರ ಶಾಲೆಯಲ್ಲಿ ಓಫಾ ಮಂಕಾಗಿ ಕೂತಿದ್ದಳು.

"ಏನಾಯ್ತೇ?"

"ನಿನ್ನೆ ಚರ್ಚಿಂದ ಬಂದು ಅಮ್ಮನ ಜೊತೆ ವಿಡಿಯೋ ಕಾಲ್‌ಗೆ ಕೂತ್ವಿ. ಅಮ್ಮನ ಮುಖ ಬಂತು, ಬಾಯಿ ತೆರೆದಿದ್ದು ಹಾಗೇ ನಿಂತ್ಬಿಡ್ತು. ಹತ್ತು ಸಲ ಮಾಡಿದ್ವಿ. ಭಾನುವಾರ ಬಿಟ್ರೆ ಅಮ್ಮಂಗೆ ರಜಾನೇ ಇಲ್ಲ ಕಣೇ."

ಓಫಾಳ ಅಮ್ಮ ಆಸ್ಟ್ರೇಲಿಯಾದ ತೋಟದಲ್ಲಿ ದ್ರಾಕ್ಷಿ ಕೀಳುವ ಕೆಲಸಕ್ಕೆ ಹೋಗಿ ಆರು ತಿಂಗಳಾಗಿತ್ತು.

ಸಿಯಾಲೆ ಅವಳ ಪಕ್ಕಕ್ಕೆ ಸರಿದು ಕೂತಳು. "ನೀವು... ಹೊಸ ಕಂಪನಿಗೆ ಹೋಗ್ತಿದೀರಲ್ವಾ?"

"ಯಾರೇ ಹೇಳಿದ್ದು? ಅವರ ಡ್ರಾಯಿಂಗ್ ಕಾಂಪಿಟಿಷನ್‌ಗೆ ಚಿತ್ರ ಕಳಿಸ್ದೆ ಅಷ್ಟೆ. ಫಸ್ಟ್ ಬಂದ್ರೆ ಸೈಕಲ್! ನಿಮ್ಮ ಮಾವನ್ನ ಬಿಡೋಕೆ ನಮ್ಮಜ್ಜಿ ಒಪ್ತಾಳಾ? ಅದಿರ್ಲಿ, ನೆಟ್‌ಗೆ ಏನಾಗಿದೆ? ನಿಂಗೇನಾದ್ರೂ ಗೊತ್ತಾ?"

ನಿಜ ನಾಲಿಗೆಯ ತುದಿಯವರೆಗೂ ಬಂತು. ಆದರೆ ಬಾಯಿಂದ ಹೊರಟದ್ದು, ನೆಟ್ ಕೈಕೊಟ್ಟಾಗಲೆಲ್ಲ ಊರಿನ ದೊಡ್ಡವರು ಹೇಳುವ ಮಾತು.

"ಸಮುದ್ರದ ಕೇಬಲ್ ಹೋಗಿರ್ಬೇಕು." ದ್ವೀಪಕ್ಕೆ ಇಂಟರ್ನೆಟ್ ಬರುವುದೇ ಸಮುದ್ರದ ತಳದಲ್ಲಿ ಹಾಸಿದ ಆ ಕೇಬಲ್‌ನಿಂದ.

"ಅಯ್ಯೋ, ಮತ್ತೆ ಹೋಯ್ತಾ? ಪಾಪ, ನಿಮ್ಮ ಮಾವ ತಾನೆ ಏನು ಮಾಡ್ತಾರೆ!" ಓಫಾ ತನ್ನ ಮರಗೆಣಸಿನ ಚಿಪ್ಸ್‌ನಲ್ಲಿ ಅರ್ಧ ತೆಗೆದು ಅವಳ ಕೈಗೆ ಹಾಕಿದಳು. ಸಿಯಾಲೆ ಒಂದನ್ನೂ ತಿನ್ನದೆ ಹಾಗೇ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಮಾವ ಅಂಗಡಿಯ ಹೊರಗೆ ಏಣಿ ಹತ್ತಿದ್ದ. ಬೇಡ ಬೇಡ ಎನ್ನುತ್ತಲೇ ಸಿಯಾಲೆ ಪರದೆ ನೋಡಿದಳು. ಓಫಾ ಮನೆಯ ಸಾಲಿನಲ್ಲಿ ಒಂದೇ ಹೆಸರಿತ್ತು: ಸಮುದ್ರದ ಕೇಬಲ್ ಕಂಪನಿ. ನಾಲ್ಕು ಗಂಟೆಗೊಮ್ಮೆ, ನಾಲ್ಕೂಕಾಲಿಗೊಮ್ಮೆ, ನಾಲ್ಕೂವರೆಗೆ ಮತ್ತೊಮ್ಮೆ.

ಯಾಕೆ ತೆರೆದರು ಎಂದು ಆ ಪಟ್ಟಿ ಯಾವತ್ತೂ ಹೇಳುವುದಿಲ್ಲ. ಈ ಸಲ ಮಾತ್ರ ಸಿಯಾಲೆಗೆ ಗೊತ್ತಿತ್ತು. ಕೇಬಲ್ ರಿಪೇರಿ ಮಾಡುವ ಹಡಗು ಯಾವಾಗ ಬರುತ್ತದೆ ಎಂದು ಓಫಾ ಹುಡುಕುತ್ತಿದ್ದಳು.

"ಮಾವ, ಬೇಗ ಇಳಿದು ಬಾ!" ಸಿಯಾಲೆಗೆ ಅಳು ಉಕ್ಕಿ ಬಂತು. "ಓಫಾ ಮನೆ ನೆಟ್ ಸರಿ ಮಾಡು. ಅವಳು ಚಿತ್ರ ಕಳಿಸಿದ್ಲು ಅಷ್ಟೆ. ಕೇಬಲ್ ಹೋಗಿಲ್ಲ ಅಂತ ನಾನೇ ಹೋಗಿ ಹೇಳ್ಬೇಕು."

ಅವಳು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಅದೇ ಹೆಸರು ಪರದೆಯಲ್ಲಿ ನಾಲ್ಕನೇ ಸಲ ಮೂಡಿತು.